ಅಮೆರಿಕದ ಪೈಲಟ್ ಲೈಸೆನ್ಸ್ ಇದೆ, ಜರ್ಮನಿಗೆ ಹೋಗ್ತಿದ್ದೀನಿ: ಮತ್ತೆ ಮೊದಲಿಂದ ಕಲಿಯಬೇಕಾ?

ಪ್ರಶ್ನೆ: ಏಳು ವರ್ಷದ ಹಿಂದೆ ಅಮೆರಿಕದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್ ತಗೊಂಡೆ. ಲಾಗ್‌ಬುಕ್‌ನಲ್ಲಿ ಸುಮಾರು 130 ಗಂಟೆ ಇದೆ, ಎಲ್ಲಾ ಸಿಂಗಲ್ ಇಂಜಿನ್. ಈಗ ಬೇಸಿಕ್‌ಮೆಡ್ (ಅಮೆರಿಕದ ಸರಳ ಮೆಡಿಕಲ್ ವ್ಯವಸ್ಥೆ) ಮೇಲೆ ಹಾರುತ್ತಿದ್ದೇನೆ. ಕೆಲಸದ ಮೇಲೆ ಕುಟುಂಬ ಸಮೇತ ಜರ್ಮನಿಗೆ ಹೋಗುತ್ತಿದ್ದೇವೆ. ಅಲ್ಲಿ ಮೊದಲಿಂದ ಕಲಿಯಬೇಕಾ? ಲೈಸೆನ್ಸ್ ಬದಲಾಗುವ ತನಕ ಅಮೆರಿಕದ ನೋಂದಣಿಯ ವಿಮಾನ ಸಿಕ್ಕರೆ ಹಾರಿಸಬಹುದಾ? ಹಳೇ ಲೈಸೆನ್ಸ್ ಏನು ಮಾಡಲಿ? ಹೆಂಡತಿ, ಮಗಳನ್ನು ಯಾವಾಗ ಕೂರಿಸಿಕೊಂಡು ಹೋಗಬಹುದು?

ಉತ್ತರ: ಮೊದಲಿಂದ ಕಲಿಯಬೇಕಾಗಿಲ್ಲ. ನಿಮ್ಮ 130 ಗಂಟೆ ಎಲ್ಲೂ ಹೋಗುವುದಿಲ್ಲ. ಆದರೆ ಡ್ರೈವಿಂಗ್ ಲೈಸೆನ್ಸ್ ಥರ ಹಳೇ ಕಾರ್ಡ್ ಕೊಟ್ಟು ಹೊಸ ಕಾರ್ಡ್ ತಗೊಂಡು ಬರುವ ಕೆಲಸವೂ ಇದಲ್ಲ. ಒಂದು ಮೆಡಿಕಲ್, ಎರಡು ವಿಷಯದ ಪರೀಕ್ಷೆ, ಭಾಷೆಯ ಪರೀಕ್ಷೆ, ಎಕ್ಸಾಮಿನರ್ ಜೊತೆ ಒಂದು ಹಾರಾಟ, ಇದರ ಜೊತೆಗೆ ಒಂದಷ್ಟು ಕಾಗದಪತ್ರ. ಇಷ್ಟರಲ್ಲಿ ಮುಗಿಯುತ್ತದೆ. ಮುಗಿಯಲು ಎಷ್ಟು ತಿಂಗಳು ಬೇಕು ಅನ್ನೋದು ಬಹುಮಟ್ಟಿಗೆ ನೀವು ಅಮೆರಿಕ ಬಿಡುವ ಮುಂಚೆ ಏನೇನು ಮಾಡಿಕೊಂಡಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗಿದೆ.

ಮೊದಲು ಒಂದು ವಿಷಯ ತಲೆಯಲ್ಲಿ ಸರಿಯಾಗಿ ಕೂರಬೇಕು. ಹೆಚ್ಚಿನವರು "ನಾನು ಯಾವ ದೇಶದಲ್ಲಿದ್ದೇನೆ" ಅಂತ ಕೇಳಿಕೊಳ್ಳುತ್ತಾರೆ. ಮೊದಲು ಕೇಳಬೇಕಾದದ್ದು "ಈ ವಿಮಾನ ಯಾವ ದೇಶದ್ದು" ಅಂತ. 1944ರ ಡಿಸೆಂಬರ್ 7ರಂದು ಷಿಕಾಗೋದಲ್ಲಿ ಸಹಿಯಾದ ಅಂತರರಾಷ್ಟ್ರೀಯ ನಾಗರಿಕ ವಾಯುಯಾನ ಒಪ್ಪಂದದ 32ನೇ ವಿಧಿ ಇದನ್ನೇ ಹೇಳುತ್ತದೆ: ದೇಶದಿಂದ ದೇಶಕ್ಕೆ ಹಾರುವ ವಿಮಾನದ ಪೈಲಟ್ ಹತ್ತಿರ, ಆ ವಿಮಾನ ನೋಂದಣಿಯಾದ ದೇಶವೇ ಕೊಟ್ಟ ಅಥವಾ ಅದು ಮಾನ್ಯ ಮಾಡಿದ ಲೈಸೆನ್ಸ್ ಇರಬೇಕು. ಬಾಲದ ಹತ್ತಿರ ಎನ್ ಅಕ್ಷರದಿಂದ ಶುರುವಾಗುವ ನಂಬರ್ ಇದ್ದರೆ ಅಮೆರಿಕ, ಡಿ ಇದ್ದರೆ ಜರ್ಮನಿ. ಜರ್ಮನಿಯ ಫ್ಲೈಯಿಂಗ್ ಕ್ಲಬ್‌ಗೆ ಸೇರಿದರೆ ನಿಮ್ಮ ಕೈಗೆ ಸಿಗುವುದು ಹೆಚ್ಚೂಕಡಿಮೆ ಎಲ್ಲಾ ಡಿ ವಿಮಾನಗಳೇ. ಅದಕ್ಕೆ ಅಮೆರಿಕದ ವಿಮಾನಯಾನ ಪ್ರಾಧಿಕಾರ ಎಫ್‌ಎಎ ಕೊಟ್ಟ ಕಾರ್ಡ್ ಸಾಲದು, ಅಷ್ಟೇ ವಿಷಯ. ಉಳಿದ ನಿಯಮಗಳೆಲ್ಲ ಇದರ ಮೇಲೆ ಕಟ್ಟಿದ್ದು.

ಇನ್ನು ದಾರಿಗಳು. ಒಂದು, ತಾತ್ಕಾಲಿಕ ಮಾನ್ಯತೆ, ಅಂದರೆ ವ್ಯಾಲಿಡೇಷನ್. ನಿಮ್ಮ ಹಳೇ ಲೈಸೆನ್ಸ್ ಮೇಲೆ ಒಂದು ಪತ್ರ ಕೊಡುತ್ತಾರೆ, ಹೆಚ್ಚೆಂದರೆ ಒಂದು ವರ್ಷದ ಅವಧಿಗೆ. ಅದಕ್ಕೂ ಜ್ಞಾನ ತೋರಿಸಬೇಕು, ಎಕ್ಸಾಮಿನರ್ ಜೊತೆ ಹಾರಬೇಕು. ಸ್ವಲ್ಪ ದಿನದ ಮಟ್ಟಿಗೆ ಬಂದವರಿಗೆ ಅದು ಸರಿ. ನೀವು ಮನೆ ಮಾಡಿಕೊಂಡು ಇರಲು ಹೋಗುತ್ತಿದ್ದೀರಿ, ಅದೇ ಶ್ರಮ ಹಾಕಿ ವರ್ಷಕ್ಕೆ ಮುಗಿಯುವ ಪತ್ರ ಯಾಕೆ? ಎರಡು, ಪೂರ್ತಿ ಪರಿವರ್ತನೆ. ಯುರೋಪಿನ ನಿಯಮದ ಪ್ರಕಾರ ನಿಮ್ಮ ಹೆಸರಿಗೆ ಹೊಸ ಪಿಪಿಎಲ್ (ಪ್ರೈವೇಟ್ ಪೈಲಟ್ ಲೈಸೆನ್ಸ್) ಬರುತ್ತದೆ. ಅದು ಅಮೆರಿಕದ ಕಾರ್ಡ್‌ನ ಮೇಲೆ ನಿಂತಿರುವುದಿಲ್ಲ, ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ನಿಮಗೆ ಇದೇ ಸರಿ ಅಂತ ನಾನು ಖಡಾಖಂಡಿತ ಹೇಳುತ್ತೇನೆ.

ಪರಿವರ್ತನೆಗೆ ಯುರೋಪಿನ 2020ರ 723ನೇ ನಿಯಮಾವಳಿ ಇದೆ. ಬೇರೆ ಯಾವುದೇ ದೇಶದ ಪಿಪಿಎಲ್ ತಂದವರಿಗೂ ಅದು ಕೇಳುವುದು ಇಷ್ಟು: ಪೈಲಟ್ ಆಗಿ ಕನಿಷ್ಠ 100 ಗಂಟೆ ಹಾರಿರಬೇಕು, ವಾಯುಯಾನ ಕಾನೂನು ಮತ್ತು ಮಾನವ ಸಾಮರ್ಥ್ಯ (ಹಾರುವಾಗ ದೇಹ, ಮನಸ್ಸು ಹೇಗೆ ಕೆಲಸ ಮಾಡುತ್ತವೆ ಅನ್ನುವುದು) ಎಂಬ ಎರಡು ವಿಷಯದಲ್ಲಿ ಪರೀಕ್ಷೆ ಪಾಸಾಗಬೇಕು, ಎಕ್ಸಾಮಿನರ್ ಜೊತೆ ಹಾರಿ ತೋರಿಸುವ ಸ್ಕಿಲ್ ಟೆಸ್ಟ್ ಪಾಸಾಗಬೇಕು, ಯುರೋಪಿನ ಕ್ಲಾಸ್ 2 ಮೆಡಿಕಲ್ ಬೇಕು, ಭಾಷಾ ಸಾಮರ್ಥ್ಯ ತೋರಿಸಬೇಕು. ಹೊಸದಾಗಿ ಕಲಿಯುವವರು ಒಂಬತ್ತು ವಿಷಯ ಬರೆಯುತ್ತಾರೆ, ನಿಮಗೆ ಎರಡೇ. ಪಾಸ್ ಆಗಲು ಶೇಕಡಾ 75 ಬೇಕು. 100 ಗಂಟೆ ನೀವು ಆಗಲೇ ದಾಟಿದ್ದೀರಿ, ಇದು ದೊಡ್ಡ ಸಮಾಧಾನ. ನಿಮ್ಮ ಹಾಗೇ ಹೊರಟಿರುವ ಸ್ನೇಹಿತರು ಯಾರಾದರೂ 80, 85 ಗಂಟೆಯಲ್ಲಿದ್ದರೆ ಹೊರಡುವ ಮುಂಚೆಯೇ ಆ ನೂರು ತುಂಬಿಸಿಕೊಳ್ಳಲಿ.

ಅಮೆರಿಕದಿಂದ ಬರುವವರಿಗೆ ಇನ್ನೊಂದು ಬಾಗಿಲೂ ಇದೆ. ಯುರೋಪಿಯನ್ ಒಕ್ಕೂಟ ಮತ್ತು ಅಮೆರಿಕದ ನಡುವೆ ವಾಯುಯಾನ ಸುರಕ್ಷತೆಯ ಒಪ್ಪಂದ ಇದೆ. ಅದರಲ್ಲಿ ಪೈಲಟ್ ಲೈಸೆನ್ಸ್ ಬಗ್ಗೆ ಇರುವ ಅನುಬಂಧ 2020ರ ನವೆಂಬರ್‌ನಲ್ಲಿ ಜಾರಿಗೆ ಬಂತು, ಅದನ್ನು ಹೇಗೆ ನಡೆಸಬೇಕು ಅನ್ನುವ ಕಾರ್ಯವಿಧಾನ 2021ರ ಮೇಯಿಂದ ಬಳಕೆಗೆ ಬಂತು. ಕಚೇರಿಗಳಲ್ಲಿ ಅದನ್ನು ಟಿಪ್-ಎಲ್ ಅನ್ನುತ್ತಾರೆ. ಪ್ರೈವೇಟ್ ಲೈಸೆನ್ಸ್, ರಾತ್ರಿ ಹಾರಾಟ, ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದಾಗ ಉಪಕರಣ ನೋಡಿ ಹಾರುವ ಅರ್ಹತೆ) ಇವೆಲ್ಲ ಅದರಲ್ಲಿ ಬರುತ್ತವೆ. ಎರಡೂ ಕಡೆಯ ತರಬೇತಿಯನ್ನು ಹೋಲಿಸಿ ನೋಡಿ, ವ್ಯತ್ಯಾಸ ಇರುವ ಕಡೆ ಮಾತ್ರ ಕೇಳುವುದು ಅದರ ಉದ್ದೇಶ. ನೀವು ಬರೆಯುವ ಮೊದಲ ಇಮೇಲ್‌ನಲ್ಲೇ "ನನ್ನ ಅರ್ಜಿಯನ್ನು ಟಿಪ್-ಎಲ್ ಪ್ರಕಾರ ನೋಡಿ" ಅಂತ ಸ್ಪಷ್ಟವಾಗಿ ಕೇಳಿ. ಹೆಸರು ಹೇಳಿ ಕೇಳದಿದ್ದರೆ ಕೆಲವರು ಸುಮ್ನೆ ಸಾಮಾನ್ಯ ದಾರಿಯ ಫಾರ್ಮ್ ಕಳಿಸಿಬಿಡುತ್ತಾರೆ. ಅಮೆರಿಕದ ಸರ್ಟಿಫಿಕೇಟ್ ಅಲ್ಲೇ ಕಲಿತು, ಅಲ್ಲೇ ಪರೀಕ್ಷೆ ಕೊಟ್ಟು ಪಡೆದದ್ದಾಗಿರಬೇಕು. ಬೇರೆ ದೇಶದ ಲೈಸೆನ್ಸ್ ಆಧಾರದ ಮೇಲೆ ಪಡೆದ ಅಮೆರಿಕದ ಸರ್ಟಿಫಿಕೇಟ್ ಇಲ್ಲಿ ನಡೆಯುವುದಿಲ್ಲ. ನಿಮ್ಮದು ಅಲ್ಲೇ ಕಲಿತದ್ದು, ಹಾಗಾಗಿ ತೊಂದರೆ ಇಲ್ಲ.

ಈಗ ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳುವುದು: ಮೊದಲು ಮೆಡಿಕಲ್. ಪುಸ್ತಕ ಕೊಳ್ಳುವ ಮುಂಚೆ, ಕ್ಲಬ್‌ಗೆ ಸೇರುವ ಮುಂಚೆ, ಇನ್‌ಸ್ಟ್ರಕ್ಟರ್‌ಗೆ ಫೋನ್ ಮಾಡುವ ಮುಂಚೆ. ಬೇಸಿಕ್‌ಮೆಡ್ ಅನ್ನೋದು 2017ರ ಮೇ 1ರಿಂದ ಅಮೆರಿಕ ತನ್ನ ಪೈಲಟ್‌ಗಳಿಗೆ ಮಾಡಿಕೊಟ್ಟ ಅನುಕೂಲ. ಸಾಮಾನ್ಯ ಡಾಕ್ಟರ್ ನೋಡಿದರೆ ಸಾಕು, ಆನ್‌ಲೈನ್ ಕೋರ್ಸ್ ಮಾಡಿದರೆ ಸಾಕು. ಆದರೆ ಅದು ಅಂತರರಾಷ್ಟ್ರೀಯ ಮಟ್ಟದ ಮೆಡಿಕಲ್ ಅಲ್ಲ, ಯುರೋಪಿನಲ್ಲಿ ಅದಕ್ಕೆ ಬೆಲೆ ಇಲ್ಲ. ಕ್ಲಾಸ್ 2 ಪರೀಕ್ಷೆಯನ್ನು ವಿಮಾನಯಾನ ಪ್ರಾಧಿಕಾರ ನೇಮಿಸಿದ ಡಾಕ್ಟರೇ ಮಾಡಬೇಕು. ಕಣ್ಣು, ಕಿವಿ, ರಕ್ತದೊತ್ತಡ, ಮೂತ್ರ, ಬಣ್ಣ ಗುರುತಿಸುವ ಚುಕ್ಕಿಗಳ ಪುಸ್ತಕ, ಹೀಗೆ. 40 ದಾಟಿದ್ದರೆ ಇಸಿಜಿ ಕೂಡ. 40ರ ಒಳಗಿನವರಿಗೆ 60 ತಿಂಗಳು, 40ರಿಂದ 50ರ ನಡುವೆ 24 ತಿಂಗಳು, 50 ದಾಟಿದ ಮೇಲೆ 12 ತಿಂಗಳು ನಡೆಯುತ್ತದೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಉಳಿದ ಎಲ್ಲಾ ಹಂತಗಳೂ ನಿಮ್ಮ ಶ್ರಮದಿಂದ ಆಗುವಂಥವು. ಪರೀಕ್ಷೆ ಫೇಲಾದರೆ ಮತ್ತೆ ಬರೆಯಬಹುದು. ಮೆಡಿಕಲ್ ಮಾತ್ರ ನಿಮ್ಮ ಕೈಯಲ್ಲಿಲ್ಲ. ಹಿಂದೆ ಯಾವುದಾದರೂ ಆಪರೇಷನ್ ಆಗಿದ್ದರೆ, ದಿನಾ ಮಾತ್ರೆ ತಗೊಳ್ಳುತ್ತಿದ್ದರೆ, ಕಣ್ಣಿಗೆ ಲೇಸರ್ ಮಾಡಿಸಿದ್ದರೆ, ಆ ಎಲ್ಲಾ ವೈದ್ಯಕೀಯ ದಾಖಲೆ ಅಮೆರಿಕದಲ್ಲಿ ಇರುವಾಗಲೇ ಪ್ರತಿ ತೆಗೆಸಿಕೊಳ್ಳಿ. ಸಮುದ್ರದ ಆಚೆ ಕೂತು ಹಳೇ ಆಸ್ಪತ್ರೆಯಿಂದ ಕಾಗದ ತರಿಸುವುದು ಬಹಳ ನಿಧಾನದ ಕೆಲಸ. ಹಾಗೇ, ಹೊರಡುವ ಮುಂಚೆ ಎಫ್‌ಎಎಯ ಥರ್ಡ್ ಕ್ಲಾಸ್ ಮೆಡಿಕಲ್ ಕೂಡ ಒಮ್ಮೆ ಮಾಡಿಸಿಕೊಳ್ಳಿ ಅನ್ನುವುದು ನನ್ನ ಸಲಹೆ. ಅಮೆರಿಕದ ಲೈಸೆನ್ಸ್ ಬಳಸಲು ಯೋಗ್ಯ ಸ್ಥಿತಿಯಲ್ಲಿದೆ ಅಂತ ತೋರಿಸಲು ಅದು ಸಹಾಯ ಮಾಡುತ್ತದೆ.

ಹೊರಡುವ ಮುಂಚಿನ ಬೇರೆ ಕೆಲಸಗಳೂ ಇವೆ. ಅಲ್ಲಿನ ಇನ್‌ಸ್ಟ್ರಕ್ಟರ್ ಜೊತೆ ಒಂದು ಫ್ಲೈಟ್ ರಿವ್ಯೂ (ಹಾರಾಟದ ಮರುಪರಿಶೀಲನೆ) ಮುಗಿಸಿಕೊಳ್ಳಿ, ಅದು 24 ತಿಂಗಳು ನಡೆಯುತ್ತದೆ. ವಿಳಾಸ ಬದಲಾದರೆ 30 ದಿನದೊಳಗೆ ಎಫ್‌ಎಎಗೆ ತಿಳಿಸಬೇಕು, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಅಮೆರಿಕದಲ್ಲಿ ವಿಳಾಸವೇ ಇಲ್ಲದ ಸರ್ಟಿಫಿಕೇಟ್‌ದಾರರು ಈಗ ಅಲ್ಲೊಬ್ಬ ಪ್ರತಿನಿಧಿಯನ್ನು ನೇಮಿಸಲೇಬೇಕು, ಎಫ್‌ಎಎ ಕಳಿಸುವ ಕಾನೂನು ಪತ್ರಗಳನ್ನು ನಿಮ್ಮ ಪರವಾಗಿ ತಗೊಳ್ಳಲು. ಈಗಾಗಲೇ ಸರ್ಟಿಫಿಕೇಟ್ ಇದ್ದವರಿಗೆ 2025ರ ಜುಲೈಯಿಂದ ಇದು ಕಡ್ಡಾಯ. ಪ್ರತಿನಿಧಿ ಇಲ್ಲದಿದ್ದರೆ ಆ ಸರ್ಟಿಫಿಕೇಟ್ ಬಳಸುವಂತಿಲ್ಲ. ಅಲ್ಲೇ ಇರುವ ನಂಬಿಕೆಯ ಸ್ನೇಹಿತರೊಬ್ಬರು ಒಪ್ಪಿದರೂ ಸಾಕು.

ನೀವು ತೋರಿಸುವ ಕಾರ್ಡ್ ನಿಜವೇ ಅಂತ ಜರ್ಮನಿಯವರು ಅಮೆರಿಕದಿಂದಲೇ ಖಾತ್ರಿ ಮಾಡಿಕೊಳ್ಳುತ್ತಾರೆ. ಈ ದೃಢೀಕರಣ ಒಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎಯ ಏರ್‌ಮೆನ್ ಸರ್ಟಿಫಿಕೇಷನ್ ಶಾಖೆಯಿಂದ ಬರಬೇಕು. ವಾರಗಟ್ಟಲೆ ಹಿಡಿಯುತ್ತದೆ. ಅರ್ಜಿಯ ಕೊನೆಗೆ ಅಲ್ಲ, ಶುರುವಿನಲ್ಲೇ ಇದಕ್ಕೆ ಕೈ ಹಾಕಿ, ಅದು ಬರುವಷ್ಟರಲ್ಲಿ ನೀವು ಓದಿಕೊಳ್ಳಬಹುದು.

ಲಾಗ್‌ಬುಕ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಇಲ್ಲಿ ಒಳ್ಳೊಳ್ಳೆ ಪೈಲಟ್‌ಗಳೂ ಗಲಿಬಿಲಿ ಆಗುತ್ತಾರೆ. ಅಮೆರಿಕದಲ್ಲಿ, ನಿಮಗೆ ರೇಟಿಂಗ್ ಇರುವ ವಿಮಾನದ ಕಂಟ್ರೋಲ್ ನಿಮ್ಮೊಬ್ಬರ ಕೈಯಲ್ಲೇ ಇದ್ದರೆ ಆ ಸಮಯವನ್ನು ಪೈಲಟ್ ಇನ್ ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಅಂತ ಬರೆದುಕೊಳ್ಳಬಹುದು, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇದ್ದರೂ ಸಹ. ಒಂದೇ ಗಂಟೆ ಕಮಾಂಡ್, ಡ್ಯುಯಲ್ (ಇನ್‌ಸ್ಟ್ರಕ್ಟರ್ ಜೊತೆ ಕಲಿತದ್ದು) ಎರಡು ಕಾಲಂನಲ್ಲೂ ಬರುತ್ತದೆ. ಯುರೋಪಿನಲ್ಲಿ ಹಾಗಿಲ್ಲ. ಇನ್‌ಸ್ಟ್ರಕ್ಟರ್ ಪಾಠ ಹೇಳುತ್ತಿದ್ದರೆ ಕಮಾಂಡ್ ಅವರದ್ದು, ನಿಮ್ಮದು ಡ್ಯುಯಲ್ ಮಾತ್ರ. ಹಾಗಾಗಿ ನಿಮ್ಮ 130ರಲ್ಲಿ ಒಟ್ಟು ಗಂಟೆ ಹಾಗೇ ಉಳಿಯುತ್ತದೆ, ಕಮಾಂಡ್ ಗಂಟೆ ಸ್ವಲ್ಪ ಇಳಿಯುತ್ತದೆ. ಅರ್ಜಿ ಹಾಕುವ ಮುಂಚೆ ಕೂತು ಒಂದೊಂದೇ ಸಾಲು ನೋಡಿ ಬೇರೆ ಮಾಡಿಕೊಳ್ಳಿ. ಹಳೇ ಪುಸ್ತಕ ತಿದ್ದಬೇಡಿ, ಅದು ಆ ದೇಶದ ನಿಯಮದ ಪ್ರಕಾರ ಸರಿಯಾಗೇ ಇದೆ. ಪಕ್ಕದಲ್ಲಿ ಒಂದು ಹೊಸ ಪಟ್ಟಿ ಮಾಡಿ, ಹೇಗೆ ಲೆಕ್ಕ ಹಾಕಿದಿರಿ ಅಂತ ಎರಡು ಸಾಲು ಬರೆದು ಸಹಿ ಹಾಕಿ. ಅಮೆರಿಕದಲ್ಲಿ 1.3 ಅಂತ ದಶಮಾಂಶದಲ್ಲಿ ಬರೆದದ್ದು ಇಲ್ಲಿ 1 ಗಂಟೆ 18 ನಿಮಿಷ ಆಗುತ್ತದೆ, ಅದನ್ನೂ ಮಾಡಿಕೊಳ್ಳಿ. ಕಾಂಪ್ಲೆಕ್ಸ್ (ಚಕ್ರ ಮಡಚುವಂಥ), ಟೇಲ್‌ವೀಲ್ (ಬಾಲದಡಿ ಚಕ್ರ ಇರುವ) ವಿಮಾನಗಳಿಗೆ ಇನ್‌ಸ್ಟ್ರಕ್ಟರ್ ಹಾಕಿಕೊಟ್ಟ ಎಂಡಾರ್ಸ್‌ಮೆಂಟ್ (ಅನುಮತಿ ಸಹಿ) ಪುಟಗಳು, ರಾತ್ರಿ ಹಾರಾಟದ ಪುಟಗಳು, ಎಲ್ಲವನ್ನೂ ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ಮೂಲ ಪುಸ್ತಕವನ್ನು ಲಗೇಜ್‌ನಲ್ಲಿ ಹಾಕಬೇಡಿ, ಕೈಚೀಲದಲ್ಲೇ ಇರಲಿ.

ರಾತ್ರಿಯ ಮಾತು ಬಂತು. ಅಮೆರಿಕದ ಪಿಪಿಎಲ್‌ನಲ್ಲಿ ರಾತ್ರಿ ಹಾರಾಟ ಸೇರಿಯೇ ಇರುತ್ತದೆ. ಯುರೋಪಿನಲ್ಲಿ ಅದು ಬೇರೆಯೇ ರೇಟಿಂಗ್, ಹೊಸದಾಗಿ ಮಾಡುವವರಿಗೆ ಕನಿಷ್ಠ 5 ಗಂಟೆ ರಾತ್ರಿ ಹಾರಾಟ. ಅರ್ಜಿಯಲ್ಲೇ ಇದನ್ನೂ ಕೇಳಿಕೊಳ್ಳಿ. ಕೇಳದೆ ಬಿಟ್ಟರೆ ಹಗಲಿನ ಲೈಸೆನ್ಸ್ ಮಾತ್ರ ಬರುತ್ತದೆ, ಆಮೇಲೆ ಇನ್ನೊಂದು ಸುತ್ತು.

ಜರ್ಮನಿಗೇ ಸೇರಿದ ಕೆಲವು ವಿಷಯ. ಪಿಪಿಎಲ್ ಕೆಲಸವನ್ನು ಸಾಮಾನ್ಯವಾಗಿ ನೀವು ವಾಸ ಮಾಡುವ ರಾಜ್ಯದ ವಿಮಾನಯಾನ ಕಚೇರಿ ನೋಡಿಕೊಳ್ಳುತ್ತದೆ. ಹಾಗಾಗಿ ಬೇರೆ ರಾಜ್ಯದ ಸ್ನೇಹಿತರ ಅನುಭವ ನಿಮಗೆ ಅಕ್ಷರಶಃ ಹೊಂದದಿರಬಹುದು. ಎರಡನೆಯದು ಭದ್ರತಾ ಹಿನ್ನೆಲೆ ಪರಿಶೀಲನೆ, ಅಲ್ಲಿ ಅದನ್ನು ಚುಟುಕಾಗಿ ಝ್ಯೂಪ್ ಅನ್ನುತ್ತಾರೆ. ಪೈಲಟ್‌ಗಳಿಗೆ ಕಡ್ಡಾಯ, ಐದು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ಕಳೆದ ಹತ್ತು ವರ್ಷ ಎಲ್ಲೆಲ್ಲಿ ವಾಸ ಇದ್ದಿರಿ ಅಂತ ಕೇಳುತ್ತಾರೆ. ಹೊರದೇಶದಲ್ಲಿ ಇದ್ದವರಿಂದ ಅಲ್ಲಿನ ಪೊಲೀಸ್ ದಾಖಲೆಯ ಪ್ರಮಾಣಪತ್ರ ಕೇಳಬಹುದು. ಅಮೆರಿಕದಲ್ಲಿ ಅದು ಎಫ್‌ಬಿಐನಿಂದ ಬರುತ್ತದೆ, ಬೆರಳಚ್ಚು ಕೊಡಬೇಕು. ಅಲ್ಲಿರುವಾಗಲೇ ತೆಗೆಸಿಕೊಂಡರೆ ಎಷ್ಟೋ ಓಡಾಟ ಉಳಿಯುತ್ತದೆ.

ಮೂರನೆಯದು ರೇಡಿಯೋ. ಜರ್ಮನಿಯಲ್ಲಿ ರೇಡಿಯೋದಲ್ಲಿ ಮಾತಾಡಲು ಬೇರೆಯೇ ಸರ್ಟಿಫಿಕೇಟ್ ಇದೆ, ಬಿಝಡ್‌ಎಫ್ ಅಂತ. ಅದನ್ನು ಕೊಡುವುದು ವಿಮಾನಯಾನ ಕಚೇರಿ ಅಲ್ಲ, ದೂರಸಂಪರ್ಕ ನೋಡಿಕೊಳ್ಳುವ ಬುಂಡೆಸ್‌ನೆಟ್ಸ್‌ಅಗೆಂಟೂರ್. ಇಂಗ್ಲಿಷ್‌ಗೆ ಮಾತ್ರದ್ದು ಒಂದು, ಜರ್ಮನ್‌ಗೆ ಮಾತ್ರದ್ದು ಒಂದು, ಎರಡೂ ಸೇರಿದ್ದು ಒಂದು. ನಿಮ್ಮ ವಿಷಯದಲ್ಲಿ ಯಾವುದು ಬೇಕು ಅಂತ ಕಚೇರಿಯನ್ನು ಮೊದಲ ಪತ್ರದಲ್ಲೇ ಕೇಳಿ. ಇದಲ್ಲದೆ ಲೈಸೆನ್ಸ್ ಮೇಲೆ ಭಾಷಾ ಮಟ್ಟ ನಮೂದಾಗಬೇಕು. ನಿಮ್ಮ ಅಮೆರಿಕದ ಕಾರ್ಡ್‌ನಲ್ಲಿ ಇಂಗ್ಲಿಷ್ ಬರುತ್ತದೆ ಅಂತ ಬರೆದಿದೆ, ಮಟ್ಟ ಬರೆದಿಲ್ಲ. ಇಲ್ಲಿ 4ನೇ ಮಟ್ಟ ನಾಲ್ಕು ವರ್ಷ, 5ನೇ ಮಟ್ಟ ಆರು ವರ್ಷ, 6ನೇ ಮಟ್ಟಕ್ಕೆ ಗಡುವೇ ಇಲ್ಲ. ವರ್ಷಗಟ್ಟಲೆ ಅಮೆರಿಕದ ಕಂಟ್ರೋಲರ್‌ಗಳ ಜೊತೆ ಮಾತಾಡಿದ ನಿಮಗೆ ಇದು ಕಷ್ಟವಾಗಲಾರದು. ಚೆನ್ನಾಗಿ ಮಾಡಿ 6 ತಗೊಳ್ಳಿ, ಮತ್ತೆ ಆ ಚಿಂತೆ ಇರುವುದಿಲ್ಲ.

ಸರಿ, ಕಾಗದದ ಮಾತು ಸಾಕು. ನಿಜವಾಗಿ ಮನಸ್ಸಿಟ್ಟು ಕಲಿಯಬೇಕಾದದ್ದು ಗಾಳಿಯಲ್ಲಿದೆ. ಕೈ ಕಾಲಿಗೆ ಅಭ್ಯಾಸ ಆಗಿರುವುದು ಬೇರೆ ದೇಶದ ರೂಢಿ, ಅದು ಗೊತ್ತಿಲ್ಲದ ಹಾಗೆ ಮುಂದೆ ಬಂದು ನಿಲ್ಲುತ್ತದೆ.

ಒಂದೇ ಉದಾಹರಣೆ ಕೊಡುತ್ತೇನೆ, ಇದು ಜೀವದ ಪ್ರಶ್ನೆ. ಅಮೆರಿಕದಲ್ಲಿ ಆಲ್ಟಿಮೀಟರ್‌ಗೆ (ಎತ್ತರ ತೋರಿಸುವ ಉಪಕರಣಕ್ಕೆ) ಗಾಳಿಯ ಒತ್ತಡವನ್ನು ಪಾದರಸದ ಇಂಚಿನಲ್ಲಿ ಹಾಕುತ್ತೀರಿ, ಸ್ಟ್ಯಾಂಡರ್ಡ್ 29.92. ಯುರೋಪಿನಲ್ಲಿ ಹೆಕ್ಟೋಪ್ಯಾಸ್ಕಲ್, ಸ್ಟ್ಯಾಂಡರ್ಡ್ 1013. ಹವಾಮಾನ ಕೆಟ್ಟ ದಿನ ರೇಡಿಯೋದಲ್ಲಿ "ಕ್ಯೂಎನ್‌ಎಚ್ ನೈನ್ ನೈನ್ ಟೂ" ಅಂತ ಬರುತ್ತದೆ, ಅಂದರೆ ಆಲ್ಟಿಮೀಟರ್‌ಗೆ ಹಾಕಬೇಕಾದ ಒತ್ತಡ 992. ವರ್ಷಗಟ್ಟಲೆ 29.92 ಕೇಳಿದ ಕಿವಿ, ಕೈ ತಾನಾಗೇ 29.92 ಹಾಕಿಬಿಡುತ್ತದೆ, ಎಷ್ಟೋ ಆಲ್ಟಿಮೀಟರ್‌ಗಳಲ್ಲಿ ಎರಡೂ ಕಿಟಕಿ ಇರುತ್ತವೆ ಬೇರೆ. 992 ಹೆಕ್ಟೋಪ್ಯಾಸ್ಕಲ್ ಅಂದರೆ 29.29 ಇಂಚು. ವ್ಯತ್ಯಾಸ ಎತ್ತರದಲ್ಲಿ ಸುಮಾರು 600 ಅಡಿ. ಅದೂ ಕೆಟ್ಟ ದಿಕ್ಕಿನಲ್ಲಿ: ಮುಳ್ಳು 1,500 ಅಡಿ ತೋರಿಸುವಾಗ ನೀವು 900 ಅಡಿಯಲ್ಲಿ ಇರುತ್ತೀರಿ. ಒತ್ತಡ ಕಡಿಮೆ ಇರುವ ದಿನ ಮೋಡವೂ ಕೆಳಗೇ ಇರುತ್ತದೆ ಅನ್ನೋದು ನೆನಪಿರಲಿ. ಹಾಗಾಗಿ ಕೇಳಿದ ಅಂಕಿಯನ್ನು ಘಟಕ ಸೇರಿಸಿ ಜೋರಾಗಿ ಹೇಳಿಕೊಂಡು ಹಾಕುವ ಅಭ್ಯಾಸ ಮಾಡಿಕೊಳ್ಳಿ. ನೆಲದಲ್ಲಿರುವಾಗ, ಏರ್‌ಫೀಲ್ಡ್‌ನ ಎತ್ತರಕ್ಕೆ ಮುಳ್ಳು ಸರಿಹೋಗಿದೆಯಾ ಅಂತ ಪ್ರತಿಸಲವೂ ನೋಡಿ.

ಅದರ ಜೊತೆಗೇ ಬರುವುದು ಟ್ರಾನ್ಸಿಷನ್ ಆಲ್ಟಿಟ್ಯೂಡ್, ಅಂದರೆ ಆಲ್ಟಿಮೀಟರನ್ನು ಸ್ಥಳೀಯ ಒತ್ತಡದಿಂದ ಸ್ಟ್ಯಾಂಡರ್ಡ್‌ಗೆ ಬದಲಿಸಿ, ಎತ್ತರವನ್ನು ಫ್ಲೈಟ್ ಲೆವೆಲ್‌ನಲ್ಲಿ ಹೇಳಲು ಶುರುಮಾಡುವ ಎತ್ತರ. ಅಮೆರಿಕದಲ್ಲಿ 18,000 ಅಡಿ, ಸಣ್ಣ ವಿಮಾನದವರು ಫ್ಲೈಟ್ ಲೆವೆಲ್ ಅನ್ನುವ ಮಾತನ್ನೇ ಆಡುವುದಿಲ್ಲ. ಜರ್ಮನಿಯಲ್ಲಿ ಸಾಮಾನ್ಯವಾಗಿ 5,000 ಅಡಿಗೇ ಬದಲಾಗುತ್ತದೆ. ಮೋಡದಿಂದ ದೂರದ ಲೆಕ್ಕವೂ ಬೇರೆ. ಅಮೆರಿಕದ 'ಇ' (E) ದರ್ಜೆಯ ವಾಯುಪ್ರದೇಶದಲ್ಲಿ 10,000 ಅಡಿಯ ಕೆಳಗೆ ಮೋಡದ ಕೆಳಗಡೆ 500 ಅಡಿ ಬಿಟ್ಟರೆ ಸಾಕಿತ್ತು. ಯುರೋಪಿನಲ್ಲಿ ಮೇಲೂ ಕೆಳಗೂ 1,000 ಅಡಿ, ಅಡ್ಡಕ್ಕೆ 1,500 ಮೀಟರ್, ದೃಷ್ಟಿ ಗೋಚರತೆ 5 ಕಿಲೋಮೀಟರ್. ಕಾನೂನಿನ ಪರೀಕ್ಷೆಯಲ್ಲಿ ಇದನ್ನೇ ಕೇಳುತ್ತಾರೆ, ನಕ್ಷೆಯ ಮೇಲೆ ಬಿಡಿಸಿ ಓದಿ. ರೇಡಿಯೋ ಕಡ್ಡಾಯ ವಲಯ, ಟ್ರಾನ್ಸ್‌ಪಾಂಡರ್ (ರೇಡಾರ್‌ಗೆ ವಿಮಾನದ ಗುರುತು ಕಳಿಸುವ ಸಾಧನ) ಕಡ್ಡಾಯ ವಲಯ ಅನ್ನುವ ಹೊಸ ಗುರುತುಗಳು ನಕ್ಷೆಯಲ್ಲಿ ಸಿಗುತ್ತವೆ, ಅವನ್ನೂ.

ರೇಡಿಯೋ ಮಾತಿನ ಧಾಟಿ ಬೇರೆ. ಅಮೆರಿಕದಲ್ಲಿ ಮುಂದೆ ಎರಡು ವಿಮಾನ ಇರುವಾಗಲೇ "ನಂಬರ್ ಥ್ರೀ, ಕ್ಲಿಯರ್ಡ್ ಟು ಲ್ಯಾಂಡ್" ಅಂತ ಕೊಟ್ಟುಬಿಡುತ್ತಾರೆ. ಇಲ್ಲಿ ಸಾಮಾನ್ಯವಾಗಿ ರನ್‌ವೇ ಖಾಲಿ ಆದಮೇಲೇ ಬರುತ್ತದೆ, ಫೈನಲ್‌ನಲ್ಲಿ (ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಹಂತದಲ್ಲಿ) ತಡವಾಗಿ ಬಂತು ಅಂತ ಗಾಬರಿ ಬೇಡ. ಬಾರದಿದ್ದರೆ ಇಳಿಯಬೇಡಿ, ಗೋ ಅರೌಂಡ್ ಮಾಡಿ, ಅಂದರೆ ಮತ್ತೆ ಮೇಲೇರಿ ಸುತ್ತಿ ಬನ್ನಿ. ಯುರೋಪಿನಲ್ಲಿ ಚಾನೆಲ್‌ಗಳ ನಡುವಿನ ಅಂತರ 8.33 ಕಿಲೋಹರ್ಟ್ಸ್. ನಿಮ್ಮ ಹಳೇ ಹ್ಯಾಂಡ್‌ಹೆಲ್ಡ್ ರೇಡಿಯೋ 25 ಕಿಲೋಹರ್ಟ್ಸ್‌ನದ್ದಾದರೆ ಸಾಗಿಸಿಕೊಂಡು ಬರುವುದು ವ್ಯರ್ಥ. ದಾರಿಯಲ್ಲಿ ಸಹಾಯಕ್ಕೆ "ಲಾಂಗೆನ್ ಇನ್ಫರ್ಮೇಷನ್" ಥರದ ಮಾಹಿತಿ ಸೇವೆ ಇದೆ, ಇಂಗ್ಲಿಷ್‌ನಲ್ಲಿ ಚೆನ್ನಾಗಿ ಮಾತಾಡುತ್ತಾರೆ. ಆದರೆ ಸಣ್ಣ ಏರ್‌ಫೀಲ್ಡ್‌ಗಳಲ್ಲಿ ಉಳಿದ ಪೈಲಟ್‌ಗಳೆಲ್ಲ ಜರ್ಮನ್‌ನಲ್ಲೇ ಮಾತಾಡುತ್ತಿರುತ್ತಾರೆ. ಯಾರು ಎಲ್ಲಿದ್ದಾರೆ ಅಂತ ಗೊತ್ತಾಗಲೇಬೇಕಲ್ವಾ? ಅದಕ್ಕೆ ಗೇಗನ್‌ಆನ್‌ಫ್ಲೂಗ್ ಅಂದರೆ ಡೌನ್‌ವಿಂಡ್ (ರನ್‌ವೇಗೆ ಸಮಾನಾಂತರವಾಗಿ ಎದುರು ದಿಕ್ಕಿಗೆ ಹಾರುವ ಭಾಗ), ಕ್ವೇರ್‌ಆನ್‌ಫ್ಲೂಗ್ ಅಂದರೆ ಬೇಸ್ (ರನ್‌ವೇ ಕಡೆ ಅಡ್ಡ ತಿರುಗುವ ಭಾಗ), ಎಂಡ್‌ಆನ್‌ಫ್ಲೂಗ್ ಅಂದರೆ ಫೈನಲ್, ಇಷ್ಟನ್ನು ಮೊದಲ ವಾರವೇ ಕಲಿತುಬಿಡಿ. ಪಕ್ಕದ ಫ್ರಾನ್ಸ್‌ಗೆ ಹೋಗುವ ಆಸೆ ಇದ್ದರೆ, ಅಲ್ಲಿ ಕೆಲವು ಏರ್‌ಫೀಲ್ಡ್‌ಗಳಲ್ಲಿ ಫ್ರೆಂಚ್ ಮಾತ್ರ ಅಂತ ಚಾರ್ಟ್‌ನಲ್ಲೇ ಬರೆದಿರುತ್ತಾರೆ. ಗಡಿ ದಾಟುವಾಗ ಫ್ಲೈಟ್ ಪ್ಲಾನ್ ಕೂಡ ಹಾಕಬೇಕು.

ಅಮೆರಿಕದಲ್ಲಿ ಯಾವ ಹೊತ್ತಿಗೆ ಬೇಕಾದರೂ ಯಾವ ಸಣ್ಣ ಏರ್‌ಪೋರ್ಟ್‌ಗಾದರೂ ಹೋಗಿ ಇಳಿಯುವ ಸ್ವಾತಂತ್ರ್ಯ ಇತ್ತು. ಇಲ್ಲಿ ಎಷ್ಟೋ ಕಡೆ ಮೊದಲೇ ಅನುಮತಿ ಕೇಳಬೇಕು, ತೆರೆಯುವ ಮುಚ್ಚುವ ಸಮಯ ಇರುತ್ತದೆ, ಇಳಿದರೆ ಶುಲ್ಕ ಇರುತ್ತದೆ. ಸರ್ಕ್ಯೂಟ್ (ಇಳಿಯುವ ಮುಂಚೆ ರನ್‌ವೇ ಸುತ್ತ ಹಾರುವ ದಾರಿ) ಸಹ ಊರಿನ ಮೇಲೆ ಹೋಗದ ಹಾಗೆ ಚಾರ್ಟ್‌ನಲ್ಲಿ ಗೆರೆ ಎಳೆದಿರುತ್ತಾರೆ, ಆ ಗೆರೆಯನ್ನೇ ಹಿಡಿಯಬೇಕು. ಕೆಳಗೆ ಇರುವವರ ನಿದ್ದೆ, ನೆಮ್ಮದಿ ನೋಡಿಕೊಂಡರೇ ಆ ಏರ್‌ಫೀಲ್ಡ್ ಉಳಿಯುವುದು. ಕ್ಲಬ್‌ನವರು ಇದನ್ನು ಬಹಳ ಗಂಭೀರವಾಗಿ ತಗೊಳ್ಳುತ್ತಾರೆ, ಸರಿಯಾಗೇ ಇದೆ.

ಸ್ಕಿಲ್ ಟೆಸ್ಟ್‌ಗೆ ಮುಂಚೆ ಸ್ಥಳೀಯ ಇನ್‌ಸ್ಟ್ರಕ್ಟರ್ ಜೊತೆ ಕೆಲವು ಸಲ ಹಾರಿ. ಎಷ್ಟು ಅಂತ ಅವರೇ ನೋಡಿ ಹೇಳಲಿ. ವಿಮಾನ ಹಾರಿಸುವುದರಲ್ಲಿ ಸೋಲುವವರು ಕಡಿಮೆ. ಪರದಾಡುವುದು ನ್ಯಾವಿಗೇಷನ್‌ನಲ್ಲಿ: ಕಾಗದದ ನಕ್ಷೆ, ಪೆನ್ಸಿಲ್ ಗೆರೆ, ಸ್ಟಾಪ್‌ವಾಚ್, ನಡುವೆ ದಾರಿ ಬದಲಿಸು ಅಂತ ಎಕ್ಸಾಮಿನರ್ ಹೇಳಿದಾಗ ಹೊಸ ದಿಕ್ಕು ಮತ್ತು ಸಮಯದ ಅಂದಾಜು. ಜಿಪಿಎಸ್ ಆಫ್ ಮಾಡಿ ಅಂದರೆ ತಬ್ಬಿಬ್ಬಾಗಬಾರದು. ಟ್ಯಾಬ್ಲೆಟ್ ನೋಡಿ ಹಾರಿ ಅಭ್ಯಾಸವಾಗಿದ್ದರೆ ಈಗಿಂದಲೇ ಅದನ್ನು ಮುಚ್ಚಿಟ್ಟು ಎರಡು ಕ್ರಾಸ್ ಕಂಟ್ರಿ (ದೂರದ ಊರಿಗೆ ಹಾರಾಟ) ಮಾಡಿ.

ನಿಮ್ಮ ಎರಡನೇ ಪ್ರಶ್ನೆ, ಎನ್ ನೋಂದಣಿಯ ವಿಮಾನ. ಪ್ರವಾಸಿಯಾಗಿ ಬಂದವರು ಅಮೆರಿಕದ ಲೈಸೆನ್ಸ್ ಮೇಲೆ ಎನ್ ವಿಮಾನ ಹಾರಿಸಬಹುದು. ಆದರೆ ವಿಮಾನವನ್ನು ನಡೆಸುವವರು ಯುರೋಪಿಯನ್ ಒಕ್ಕೂಟದಲ್ಲೇ ನೆಲೆಸಿದವರಾದರೆ ಯುರೋಪಿನ ಲೈಸೆನ್ಸ್ ಕೂಡ ಬೇಕು ಅಂತ ಒಕ್ಕೂಟದ ನಿಯಮ ಹೇಳುತ್ತದೆ. ಎಷ್ಟೋ ವರ್ಷ ಇದಕ್ಕೆ ವಿನಾಯಿತಿ ಮುಂದೂಡುತ್ತಾ ಬಂದರು, ಈಗ ಅದು ಮುಗಿದಿದೆ. ನೀವು ಮನೆ ಮಾಡಿ, ನೋಂದಾಯಿಸಿಕೊಂಡು ಇರುವವರು. ಹಾಗಾಗಿ "ಎನ್ ವಿಮಾನ ಇದೆ, ಬನ್ನಿ, ಏನೂ ಬೇಡ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅಪಘಾತವಾದ ದಿನ ಇನ್ಶೂರೆನ್ಸ್‌ನವರು ಮೊದಲು ನೋಡುವುದು ಇದನ್ನೇ. ಅಲ್ಲಿಯವರೆಗೆ ಹಾರಬೇಕು ಅನ್ನಿಸಿದರೆ ಇನ್‌ಸ್ಟ್ರಕ್ಟರ್ ಜೊತೆ ಡ್ಯುಯಲ್ ಹಾರಿ, ಟೆಸ್ಟ್‌ಗೆ ತಯಾರಿಯೂ ಆಗುತ್ತದೆ.

ಹಳೇ ಲೈಸೆನ್ಸ್ ಖಂಡಿತ ಇಟ್ಟುಕೊಳ್ಳಿ. ವಿಮಾನದ ಒಂದು ವರ್ಗಕ್ಕೆ ಯುರೋಪಿನ ಲೈಸೆನ್ಸ್ ಒಬ್ಬರಿಗೆ ಒಂದೇ ಇರಬೇಕು, ಆದರೆ ಅದರ ಜೊತೆಗೆ ಅಮೆರಿಕದ್ದು ಇರುವುದಕ್ಕೆ ಅಡ್ಡಿ ಇಲ್ಲ. ಅಮೆರಿಕದ ಸರ್ಟಿಫಿಕೇಟ್‌ಗೆ ಮುಗಿಯುವ ದಿನಾಂಕವೇ ಇಲ್ಲ. ಫ್ಲೈಟ್ ರಿವ್ಯೂ ಮತ್ತು ಮೆಡಿಕಲ್ ಇದ್ದರೆ ಯಾವಾಗ ಹೋದರೂ ಬಳಸಬಹುದು. ಯುರೋಪಿನಲ್ಲಿ ಸಿಂಗಲ್ ಇಂಜಿನ್ ರೇಟಿಂಗ್ ಎರಡು ವರ್ಷದ್ದು. ಎರಡನೇ ವರ್ಷದಲ್ಲಿ 12 ಗಂಟೆ, ಅದರಲ್ಲಿ 6 ಕಮಾಂಡ್, 12 ಟೇಕಾಫ್, 12 ಲ್ಯಾಂಡಿಂಗ್, ಇನ್‌ಸ್ಟ್ರಕ್ಟರ್ ಜೊತೆ ಕನಿಷ್ಠ ಒಂದು ಗಂಟೆ, ಇಷ್ಟು ಮಾಡಿದರೆ ಟೆಸ್ಟ್ ಇಲ್ಲದೆ ಮುಂದುವರಿಯುತ್ತದೆ. ತಾರೀಕು ದಾಟಲು ಬಿಡಬೇಡಿ. ಅಮೆರಿಕದ ಇನ್‌ಸ್ಟ್ರಕ್ಟರ್ ಸರ್ಟಿಫಿಕೇಟ್ ಕೂಡ ಇರುವವರು ಯುರೋಪಿನಲ್ಲೂ ಸಿಗುತ್ತಾರೆ, ಅಂಥವರ ಹತ್ತಿರ ಅಮೆರಿಕದ ಫ್ಲೈಟ್ ರಿವ್ಯೂ ಸಹ ಇಲ್ಲೇ ಮಾಡಿಸಿಕೊಳ್ಳಬಹುದು.

ಉಲ್ಟಾ ದಿಕ್ಕಿನಲ್ಲಿ, ಅಂದರೆ ಯುರೋಪಿನಿಂದ ಅಮೆರಿಕಕ್ಕೆ ಹೋಗುವವರು ಇದನ್ನು ಓದುತ್ತಿದ್ದರೆ: ನಿಮಗೆ ಅಲ್ಲಿನ 61.75 ನಿಯಮ ಇದೆ. ಲಿಖಿತ ಪರೀಕ್ಷೆಯೂ ಬೇಡ, ಹಾರಾಟದ ಟೆಸ್ಟೂ ಬೇಡ. ಮೂಲ ಲೈಸೆನ್ಸ್ ದೃಢೀಕರಣ ಆಗಿ, ಕಚೇರಿಗೆ ಖುದ್ದು ಹೋಗಿ ಸರ್ಟಿಫಿಕೇಟ್ ಪಡೆದು, ಒಂದು ಫ್ಲೈಟ್ ರಿವ್ಯೂ ಮಾಡಿದರೆ ಹಾರಬಹುದು. ಆದರೆ ಅದು ಮೂಲ ಲೈಸೆನ್ಸ್‌ನ ಮೇಲೆ ನಿಂತಿರುತ್ತದೆ. ಮೂಲದ್ದು ರದ್ದಾದರೆ ಇದೂ ಹೋಯಿತು, ಮೂಲದ ನಂಬರ್ ಬದಲಾದರೆ ಇದನ್ನೂ ಮತ್ತೆ ಮಾಡಿಸಬೇಕು. ಬ್ರಿಟನ್ 2021ರಿಂದ ಯುರೋಪಿನ ವ್ಯವಸ್ಥೆಯ ಹೊರಗಿದೆ, ಆದ್ದರಿಂದ ಬ್ರಿಟನ್ ಲೈಸೆನ್ಸ್ ಇದ್ದವರು ಯುರೋಪಿಗೆ ಹೋದರೆ ಅವರೂ ಹೊರದೇಶದವರ ಸಾಲಿನಲ್ಲೇ ನಿಲ್ಲಬೇಕು.

ಕೊನೆಯದಾಗಿ ಹೆಂಡತಿ, ಮಗಳ ವಿಷಯ. ಲೈಸೆನ್ಸ್ ಕೈಗೆ ಬಂದ ದಿನವೇ ಕಾನೂನಿನ ಪ್ರಕಾರ ಕರೆದುಕೊಂಡು ಹೋಗಬಹುದು, ಹಿಂದಿನ 90 ದಿನದಲ್ಲಿ ಅದೇ ವರ್ಗದ ವಿಮಾನದಲ್ಲಿ ಮೂರು ಟೇಕಾಫ್ ಮತ್ತು ಮೂರು ಲ್ಯಾಂಡಿಂಗ್ ಆಗಿದ್ದರೆ. ಟೆಸ್ಟ್‌ಗೆ ಅಭ್ಯಾಸ ಮಾಡಿರುವುದರಿಂದ ಅದು ಆಗೇ ಇರುತ್ತದೆ. ಆದರೂ ಕರೆದೊಯ್ಯಬೇಕೆಂದಿರುವ ಏರ್‌ಫೀಲ್ಡ್‌ಗೆ ಮೊದಲು ನೀವೊಬ್ಬರೇ, ಇಲ್ಲವೇ ಕ್ಲಬ್‌ನ ಅನುಭವಿಗಳೊಬ್ಬರ ಜೊತೆ ಒಮ್ಮೆ ಹೋಗಿ ಬನ್ನಿ. ಸರ್ಕ್ಯೂಟ್ ಎಲ್ಲಿ ತಿರುಗುತ್ತದೆ, ರೇಡಿಯೋದಲ್ಲಿ ಯಾರು ಏನು ಹೇಳುತ್ತಾರೆ, ಇಳಿದ ಮೇಲೆ ಎಲ್ಲಿ ನಿಲ್ಲಿಸಬೇಕು, ಶುಲ್ಕ ಎಲ್ಲಿ ಕಟ್ಟಬೇಕು, ಇಷ್ಟು ಗೊತ್ತಿದ್ದರೆ ಅವರು ಪಕ್ಕದಲ್ಲಿ ಕೂತ ದಿನ ನಿಮ್ಮ ಗಮನ ಹಾರಾಟದ ಮೇಲೆ ಇರುತ್ತದೆ. ಇನ್ನು ಮೆಡಿಕಲ್‌ಗೆ ಡಾಕ್ಟರ್ ಹತ್ತಿರ ದಿನ ಗೊತ್ತುಮಾಡಿಕೊಳ್ಳಿ, ರಾಜ್ಯದ ಕಚೇರಿಗೆ ಇಮೇಲ್ ಕಳಿಸಿ. ಅವರಿಂದ ಬಂದ ಉತ್ತರದಲ್ಲಿ ಏನಾದರೂ ಗೊಂದಲ ಇದ್ದರೆ ಅದನ್ನು ಹಾಗೇ ನನಗೆ ಬರೆಯಿರಿ, ಸಾಲು ಸಾಲಾಗಿ ನೋಡೋಣ.